ಮಗ್ಗದ ಸದ್ದು ಅಳಿಸುವ ಮೈಕ್

೧೧ ಫೆಬ್ರುವರಿ ೨೦೨೫, ಮಂಗಳವಾರ. ಇಳಕಲ್

ಹೊಸ ಮೈಕ್ ಇಟ್ಟುಕೊಳ್ಳಲೋ, ವಾಪಸ್ ಕಳಿಸಲೋ, ಇನ್ನೂ ತಿಳಿಯುತ್ತಿಲ್ಲ. ಮಕ್ಕಳ ಕಥೆ ಓದಿ ರೆಕಾರ್ಡ್ ಮಾಡುವಾಗ ಅಪ್ಪನ ಮಗ್ಗದ ಸದ್ದು ಬರಬಾರದೆಂದೇ ಹುಡುಕಿ ಹುಡುಕಿ ತರಿಸಿದ್ದೆ. ಸದ್ದನ್ನು ಪೂರಾ ಅಳಿಸುತ್ತದೆ.

ಮಧ್ಯಾಹ್ನ ಅದನ್ನೇ ಫೋನಿಗೆ ಸಿಕ್ಕಿಸಿ ಬಾದಾಮಿಯ ಅಕ್ಕನ ಜೊತೆ ಮಾತಾಡಿದೆ. ನಡುವೆ ಅವಳು ನನ್ನ ಮಾತು ತಡೆದು ಕೇಳಿದಳು.

“ಮಗ್ಗ ಯಾಕ ನಿಂತೈತಿ? ಅಪ್ಪ ಆರಾಮ ಅದಾನಿಲ್ಲ? ಖರೆ ಹೇಳ, ನೇತ್ರಾ.”

ಅಪ್ಪ ನನ್ನ ಬೆನ್ನ ಹಿಂದೆಯೇ ನೇಯುತ್ತಿದ್ದ. ಹೇಳಿದರೆ ನಂಬಲಿಲ್ಲ. ಅವ್ವ ದವಾಖಾನೆಯಲ್ಲಿ ಕೊನೆಯುಸಿರು ಎಳೆಯುವಾಗಲೂ ನಾನು ಅಕ್ಕನಿಗೆ ‘ಆರಾಮ ಅದಾಳ’ ಎಂದೇ ಹೇಳಿದ್ದೆನಲ್ಲ.

ಮೈಕ್ ಕಿತ್ತು ಫೋನನ್ನು ಮಗ್ಗದ ಹತ್ತಿರ ಹಿಡಿದೆ. ಅಕ್ಕ ಬಹಳ ಹೊತ್ತು ಕೇಳಿದಳು.

“ಏನ ಅಂತಾಳ?” ಎಂದ ಅಪ್ಪ.

“ಏನಿಲ್ಲಪ್ಪ. ನೀ ಮಗ್ಗ ನಿಲ್ಲಸಬ್ಯಾಡ.”