ಮುಚ್ಚಳದವರೆಗೆ ತುಂಬಿದ ಬಾಟಲಿಗಳು

ಮಾರ್ಚ್ ೧೪, ಭಾನುವಾರ ಮಧ್ಯಾಹ್ನ

ಪ್ರೀತಿಯ ಪುಟ್ಟಿಗೆ,

ಬೆನ್ನುನೋವು ಹೇಗಿದೆ? ಪ್ರಯೋಗಾಲಯದ ಆ ಎತ್ತರದ ಸ್ಟೂಲು ಬದಲಾಯಿಸು ಎಂದು ಎಷ್ಟು ಸಲ ಹೇಳಿದರೂ ನೀನು ಕಿವಿಗೆ ಹಾಕಿಕೊಳ್ಳುವುದಿಲ್ಲ. ನಾನು ಫೋನು ಎತ್ತದೆ ಇಂದಿಗೆ ಹತ್ತೊಂಬತ್ತು ದಿನ. ತಪ್ಪು ನನ್ನದೇ, ಬೇಸರ ಮಾಡಿಕೊಳ್ಳಬೇಡ. ನಿನ್ನ ಹೆಸರು ಕಂಡಾಗಲೆಲ್ಲ ಕೈ ಮುಂದೆ ಹೋಗುತ್ತದೆ, ಅರ್ಧಕ್ಕೆ ನಿಂತುಬಿಡುತ್ತದೆ. ನೀನು ‘ಅಕ್ಕಾ’ ಎಂದು ಎಳೆದು ಕರೆದರೆ ಸಾಕು, ನಾನು ಹೇಳಬೇಕಾದದ್ದೆಲ್ಲ ಮರೆತು ‘ಊಟ ಆಯ್ತಾ’ ಎಂದು ಕೇಳಿಬಿಡುತ್ತೇನೆ. ಕಾಗದಕ್ಕೆ ನಿನ್ನ ದನಿ ಇಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮನೆಯಲ್ಲಿ ಎಲ್ಲ ಕ್ಷೇಮ. ನಿನ್ನ ಭಾವ ಮೂರು ದಿನದಿಂದ ಬಚ್ಚಲ ನಲ್ಲಿ ರಿಪೇರಿ ಮಾಡುತ್ತಿದ್ದಾರೆ. ಮೊದಲು ತೊಟ್ಟಿಕ್ಕುತ್ತಿತ್ತು, ಈಗ ಸುರಿಯುತ್ತಿದೆ. ‘ಸಮಸ್ಯೆ ಈಗ ಸ್ಪಷ್ಟವಾಗಿ ಕಾಣ್ತಿದೆ’ ಎನ್ನುತ್ತಾರೆ. ನಾನು ನಗಬೇಕಿತ್ತು. ಕಿಟಕಿಯ ಬಳಿ ಕುರ್ಚಿ ಹಾಕಿಕೊಂಡು ಕವಿತೆಯ ಪುಸ್ತಕ ತೆರೆಯುತ್ತೇನೆ, ಒಂದೇ ಸಾಲಿನ ಮೇಲೆ ಅರ್ಧ ಗಂಟೆ ಕಣ್ಣಿಟ್ಟು ಮುಚ್ಚುತ್ತೇನೆ. ಪುಟದ ಗುರುತಿಗೆ ಇಟ್ಟುಕೊಂಡಿರುವುದು ನಿನ್ನ ಮಾದರಿ ಬಾಟಲಿಯ ಚೀಟಿ. ‘ಅಕ್ಕನಿಗೆ, ಜೋಪಾನ’ ಎಂದು ನೀನೇ ಬರೆದದ್ದು.

ಇನ್ನು ಬಣ್ಣದ ಬೀದಿಯ ಸುದ್ದಿ. ಬಣ್ಣದ ಕೊಳೆನೀರನ್ನು ಬಿಸಿಲಿನಿಂದಲೇ ತಿಳಿಮಾಡುವ ನಿನ್ನ ಬಿಸಿಲು ತೊಟ್ಟಿ ಮೇಸ್ತ್ರಿ ಮಾವನ ಅಂಗಳದಲ್ಲಿ ಕೂತ ದಿನ ನೀನು ಅವಸರವಸರವಾಗಿ ಹೊರಟುಬಿಟ್ಟೆ. ಆಮೇಲೆ ಅಲ್ಲಿ ನಿಂತು ಎಲ್ಲರ ಪ್ರಶ್ನೆಗೆ ಉತ್ತರ ಕೊಟ್ಟವಳು ನಾನು. ಅಪ್ಪನ ಜೊತೆ ಮೂವತ್ತು ವರ್ಷ ಅದೇ ಬೀದಿಯ ನೀಲಿ ಬಣ್ಣದ ಬಾನಿಗಳಲ್ಲಿ ಕೈ ಅದ್ದಿದ ಮಾವ, ‘ಮಗಾ, ಈ ಬಿಳಿ ಪುಡಿ ಏನು ಮಾಡುತ್ತೆ, ನಮ್ಮ ತಲೆಗೆ ಹೋಗೋ ಹಾಗೆ ಹೇಳು’ ಎಂದರು.

ನಾನು ಎಷ್ಟು ಹೆಮ್ಮೆಯಿಂದ ಹೇಳಿದೆ ಗೊತ್ತೇನು? ‘ಗೋಡೆಗೆ ಹಚ್ಚುವ ಬಿಳಿ ಬಣ್ಣದಲ್ಲಿರುವ ಪುಡಿಯೇ ಇದು ಮಾವ. ಅರೆವಾಹಕ ಅಂತಾರೆ, ಅಂದರೆ ವಿದ್ಯುತ್ತನ್ನು ಅರೆಮನಸ್ಸಿನಿಂದ ಹರಿಯಬಿಡುವ ಜಾತಿ. ಬಿಸಿಲು ಬಿದ್ದರೆ ಅದರೊಳಗಿನ ಎಲೆಕ್ಟ್ರಾನು ಕೂತ ಜಾಗ ಬಿಟ್ಟು ಏಳುತ್ತದೆ. ನೀರಿನಲ್ಲಿರುವ ಗಾಳಿ ಅದನ್ನು ಹಿಡಿದುಕೊಳ್ಳುತ್ತದೆ. ಆಮೇಲೆ ಆ ಗಾಳಿ ಒಂದು ಕಡೆಯಿಂದ, ಖಾಲಿಯಾದ ಜಾಗ ಇನ್ನೊಂದು ಕಡೆಯಿಂದ ಸೇರಿ ಬಣ್ಣವನ್ನು ಹರಿದು ಚೂರು ಮಾಡುತ್ತವೆ.’

‘ಅಂದ್ರೆ ಇಲಿ ಹಿಡಿಯೋಕೆ ಬೆಕ್ಕೂ ಬೇಕು, ಬಾಗಿಲು ಮುಚ್ಚೋರೂ ಬೇಕು ಅನ್ನು. ಗಾಳಿ ಇಲ್ಲದಿದ್ರೆ?’

‘ಗಾಳಿ ಇಲ್ಲದೆ ಹೇಗೆ ಮಾವ, ಪುಟ್ಟಿ ಪಂಪು ಇಟ್ಟೇ ಇರ್ತಾಳೆ’ ಎಂದೆ. ನೋಡಲಿಲ್ಲ. ನಿನ್ನ ತೊಟ್ಟಿಯನ್ನು ಬಗ್ಗಿ ನೋಡಬೇಕು ಅನ್ನಿಸಲೇ ಇಲ್ಲ.

ನೀನು ಕಳಿಸಿದ ಬಾಟಲಿಗಳ ನೀರು ಪರೀಕ್ಷಿಸಿ ನಾನು ಸಹಿ ಹಾಕಿದ್ದ ವರದಿಯನ್ನು ಮಾವ ಶೆಡ್ಡಿನ ಗೋಡೆಗೆ ಅಂಟಿಸಿದರು. ಕೊಳೆನೀರು ತಿಳಿಯಾಗಲು ಇಷ್ಟು ವರ್ಷ ಇಟ್ಟುಕೊಂಡಿದ್ದ ಸುಣ್ಣದ ಗುಂಡಿಯನ್ನು ಮರುದಿನವೇ ಮಣ್ಣು ಹಾಕಿ ಮುಚ್ಚಿಸಿದರು. ‘ನಮ್ಮ ಹುಡುಗೀರು ಮಾಡಿದ್ದು, ಇನ್ನು ಗುಂಡಿ ಯಾಕೆ’ ಎಂಬ ಧೈರ್ಯ.

ತೊಟ್ಟಿಯ ನೀರನ್ನು ಎಂಟು ದಿನ ಮುಚ್ಚಿದ ಟ್ಯಾಂಕಿನಲ್ಲಿ ಕೂಡಿಟ್ಟು ಒಂಬತ್ತನೆಯ ದಿನ ಹೊರಗೆ ಬಿಟ್ಟರು. ಕೊಳವೆಯ ಬಾಯಲ್ಲಿ ನೀರು ಕನ್ನಡಿಯ ಹಾಗಿತ್ತಂತೆ. ಚರಂಡಿಯಲ್ಲಿ ಹತ್ತು ಹೆಜ್ಜೆಯವರೆಗೂ ಹಾಗೇ. ಬೀದಿ ಮುಗಿಯುವಲ್ಲಿ ಕಲ್ಲಿನ ಮೆಟ್ಟಿಲುಗಳಿವೆಯಲ್ಲ, ನೀರು ಧುಮುಕಿ ನೊರೆಯೇಳುವ ಜಾಗ, ಅಲ್ಲಿಂದ ಕೆಳಗೆ ಹಳ್ಳದವರೆಗೂ ನೀಲಿ. ಕಡು ನೀಲಿ. ಮಾವನ ಹೆಂಡತಿ ನನಗೆ ಫೋನು ಮಾಡಿ, ‘ಬಟ್ಟೆಗೆ ಬಣ್ಣ ಹಿಡಿಸೋಕೆ ನಮಗೆ ಎರಡು ದಿನ ಬೇಕು ಕಣಮ್ಮಾ. ನಿನ್ನ ತಂಗಿ ಬಂಡೆಗೇ ಹಿಡಿಸಿಬಿಟ್ಳು, ಒಂದೇ ಗಂಟೇಲಿ’ ಎಂದರು. ಅತ್ತೆಯ ನಾಲಿಗೆ ಗೊತ್ತಲ್ಲ. ಆ ದಿನ ಮಾತ್ರ ಕೊನೆಗೆ ನಗಲಿಲ್ಲ. ಕೆಳಗೆ ಬಟ್ಟೆ ಒಗೆಯುತ್ತಿದ್ದ ಹೆಂಗಸರು ಬಂದು ಬಾಗಿಲಲ್ಲಿ ನಿಂತಿದ್ದರಂತೆ.

ನಾನು ಹೋಗಿ ನೋಡಿದೆ. ಪಂಪು ಕೆಟ್ಟಿರಬೇಕು ಎಂದೆ. ‘ಯಾವ ಪಂಪು?’ ಎಂದರು ಮಾವ. ನಿನ್ನ ತೊಟ್ಟಿಗೆ ಗಾಜಿನ ಮುಚ್ಚಳವಿತ್ತು, ಸುತ್ತ ರಬ್ಬರಿನ ಅಂಚಿತ್ತು, ಗಾಳಿ ಹೋಗಲು ಸೂಜಿಮೊನೆಯಷ್ಟು ಸಂದಿಯೂ ಇರಲಿಲ್ಲ.

ಪುಟ್ಟಿ, ಅಪ್ಪ ಬಾನಿಯಿಂದ ಬಟ್ಟೆ ಎತ್ತುತ್ತಿದ್ದದ್ದು ನಿನಗೆ ನೆನಪಿಲ್ಲ ಎಂದರೆ ನಾನು ನಂಬುವುದಿಲ್ಲ. ಬಟ್ಟೆ ಹೊರಗೆ ಬರುವಾಗ ನೀಲಿ ಇರುತ್ತಿರಲಿಲ್ಲ, ಹಳದಿ ಹಸಿರಾಗಿ ಕಾಯಿಲೆಯವರ ಮುಖದ ಹಾಗೆ ಇರುತ್ತಿತ್ತು. ‘ಬಣ್ಣ ಎಲ್ಲೂ ಹೋಗಿಲ್ಲ ಮಕ್ಕಳೇ, ಕಣ್ಣಾಮುಚ್ಚಾಲೆ ಆಡ್ತಿದೆ. ಉಸಿರು ಕೊಡಿ, ಬರುತ್ತೆ’ ಎನ್ನುತ್ತಿದ್ದರು. ನಾವಿಬ್ಬರೂ ಗಲ್ಲ ಉಬ್ಬಿಸಿ ಊದುತ್ತಿದ್ದೆವು. ನೀನು ಊದಿದ ಜಾಗ ಮೊದಲು ನೀಲಿಯಾಯಿತು ಎಂದು ಹಠ ಮಾಡಿ ನನ್ನಿಂದ ಹೌದೆನ್ನಿಸಿಕೊಳ್ಳುತ್ತಿದ್ದೆ. ನಮಗೆ ಅಕ್ಷರಕ್ಕಿಂತ ಮೊದಲು ಬಂದ ಪಾಠ ಅದು. ಗಾಳಿಯಿಲ್ಲದ ನೀರಿನಲ್ಲಿ ನಿನ್ನ ಪುಡಿ ಬಣ್ಣವನ್ನು ಹರಿಯುವುದಿಲ್ಲ. ಎದ್ದ ಎಲೆಕ್ಟ್ರಾನನ್ನು ಬಣ್ಣದ ಕೈಗೇ ಕೊಟ್ಟು ಅದನ್ನು ಅಡಗಿಸುತ್ತದೆ, ಅಷ್ಟೇ. ಬೇರೆ ಯಾರಾದರೂ ಇದನ್ನು ಕಾಣದೆ ತಪ್ಪು ಮಾಡಬಹುದು. ಬಣ್ಣದವನ ಮಗಳು ಮಾಡುವಂತಿಲ್ಲ.

ಆದರೂ ಆ ಸಂಜೆ ನಿನಗೆ ಫೋನು ಮಾಡುವಾಗ, ತಪ್ಪೇ ಆಗಿರಲಿ, ಬೇಕೆಂದು ಮಾಡಿದ್ದಾಗದಿರಲಿ ದೇವರೇ ಎಂದುಕೊಂಡಿದ್ದೆ. ನೀನು ಹೇಳಿದ್ದನ್ನು ಹಾಗೇ ಬರೆಯುತ್ತೇನೆ, ತಪ್ಪಿದ್ದರೆ ತಿದ್ದು. ‘ಅಕ್ಕಾ, ಗಾಳಿ ಬಿಟ್ರೆ ಆರು ಗಂಟೆ ಬೇಕು. ಆರು ಗಂಟೆ ಅಂದ್ರೆ ಯಾರೇ ತಗೋತಾರೆ? ಮುಚ್ಚಿಟ್ಟು ನಲವತ್ತು ನಿಮಿಷ ಅಂದ್ರೆ ಎಲ್ಲರೂ ತಿರುಗಿ ನೋಡ್ತಾರೆ. ಮೊದಲು ತೊಟ್ಟಿ ಬೀದಿಯೊಳಗೆ ಹೋಗ್ಲಿ ಅಂತಿದ್ದೆ, ಆಮೇಲೆ ಸರಿಮಾಡ್ತಿದ್ದೆ.’ ಕೊನೆಗೆ, ‘ಪದ್ಯ ಓದ್ಕೊಂಡು ಕೂತವಳಿಗೆ ಇದೆಲ್ಲ ಅರ್ಥ ಆಗಲ್ಲ ಬಿಡು’ ಎಂದು ಫೋನು ಇಟ್ಟುಬಿಟ್ಟೆ.

ಆಗಲೂ ನಾನು ನಿನ್ನ ಪರವಾಗಿಯೇ ವಾದ ಹುಡುಕುತ್ತಿದ್ದೆ. ಬೀದಿಗೆ ತೊಟ್ಟಿ ಕಳಿಸುವ ಅವಸರದಲ್ಲಿ ಕೊನೆ ಗಳಿಗೆಗೆ ಪಂಪು ಬಿಟ್ಟಿರಬೇಕು, ನನಗೆ ಕಳಿಸಿದ ಬಾಟಲಿಗಳಾದರೂ ಗಾಳಿ ಕಂಡ ನೀರಿನವೇ ಇರಬೇಕು ಎಂದುಕೊಂಡೆ. ನಿನ್ನ ಪ್ರಯೋಗಾಲಯಕ್ಕೆ ಹೋದದ್ದು ಅದಕ್ಕೆ. ನೀನು ಈ ತೊಟ್ಟಿಯ ಬಗ್ಗೆಯೇ ಭಾಷಣ ಮಾಡಲು ಊರು ಬಿಟ್ಟಿದ್ದ ದಿನ. ಗಾಜಿನ ಕೆಲಸದ ಅಜ್ಜ ಒಬ್ಬರೇ ಇದ್ದರು. ನನ್ನನ್ನು ಕಂಡು ಉರಿ ಸಣ್ಣ ಮಾಡಿ ಕನ್ನಡಕ ತೆಗೆದರು. ತೊಟ್ಟಿಗೆ ಗಾಳಿ ಊದುವ ನಳಿಕೆ ಎಲ್ಲಿ ಎಂದು ಕೇಳಿದೆ. ‘ಅದನ್ನ ಹೋದ ವರ್ಷಾನೇ ಮುಚ್ಚಿಸಿದ್ರಲ್ಲ ಮೇಡಮ್ಮು. ನನ್ನ ಕೈಯಲ್ಲೇ ಕಾಯಿಸಿ ಮುಚ್ಚಿದ್ದು. ಯಾಕಮ್ಮಾ ಅಂದ್ರೆ, ಉಸಿರಾಡಿದ್ರೆ ಕೆಲಸ ಕೆಡುತ್ತೆ ಅಜ್ಜಾ ಅಂದ್ರು.’ ಕಪಾಟಿನಿಂದ ನಿನ್ನ ನೋಟುಪುಸ್ತಕವನ್ನೂ ಅವರೇ ತೆಗೆದುಕೊಟ್ಟರು. ಅಕ್ಕ ಕೇಳಿದರೆ ಕೊಡದಿರುತ್ತಾರೆಯೇ? ನನಗೆ ಬಾಟಲಿ ಕಳಿಸುವುದಕ್ಕಿಂತ ಏಳು ತಿಂಗಳು ಹಿಂದಿನ ಪುಟದಲ್ಲಿ, ನಾನೇ ಕೈ ಹಿಡಿದು ತಿದ್ದಿಸಿದ ಅಕ್ಷರದಲ್ಲಿ, ಒಂದು ಸಾಲಿತ್ತು: ‘ಬಾಟಲಿ ಅಲುಗಾಡಿಸಿದಾಗ ನೀಲಿ ಮರಳಿತು.’ ಕೆಳಗೆ ನೀನು ಎರಡು ಗೆರೆ ಎಳೆದಿದ್ದೆ. ಮುಂದಿನ ಪುಟದಲ್ಲಿ, ‘ಮಾದರಿಯನ್ನು ಮುಚ್ಚಳದವರೆಗೆ ತುಂಬಬೇಕು.’

ಅಜ್ಜ ಇನ್ನೂ ಒಂದು ಮಾತು ಹೇಳಿದರು. ಅದನ್ನು ಈಗಲೇ ಬರೆದರೆ ಕಾಗದ ಮುಂದುವರಿಸುವುದು ಕಷ್ಟ.

ನೀನು ಕಳಿಸಿದ ಸೂಚನೆಗಳನ್ನು ಆ ರಾತ್ರಿ ಮತ್ತೆ ಓದಿಕೊಂಡೆ. ಬಾಟಲಿ ತೆರೆದ ಕೂಡಲೇ ಅಳೆ. ಬಣ್ಣ ಮಾತ್ರ ನೋಡು ಅಕ್ಕಾ, ಉಳಿದ ಪರೀಕ್ಷೆ ಇಲ್ಲೇ ಆಗಿದೆ. ಮಿಕ್ಕದ್ದನ್ನು ಇಡಬೇಡ, ಚೆಲ್ಲಿಬಿಡು. ಇಪ್ಪತ್ತೆರಡು ವರ್ಷದಿಂದ ನೀರು ಪರೀಕ್ಷೆ ಮಾಡುವವಳು ನಾನು. ಹೊರಗಿನ ಯಾವನಾದರೂ ಹೀಗೆ ಬರೆದಿದ್ದರೆ ಬಾಟಲಿಗಳನ್ನು ಹಾಗೇ ವಾಪಸು ಕಳಿಸುತ್ತಿದ್ದೆ. ನೀನು ಬರೆದೆ ಎಂದು, ತಂಗಿ ಎಷ್ಟು ಅಚ್ಚುಕಟ್ಟು ಎಂದು ಪಕ್ಕದ ಮೇಜಿನವರಿಗೆ ತೋರಿಸಿದ್ದೆ.

ಒಂದು ಬಾಟಲಿಯನ್ನು ಮಾತ್ರ ತೆರೆಯದೆ ಕಪಾಟಿನ ಹಿಂದೆ ಇಟ್ಟಿದ್ದೆ, ನಿನ್ನ ಗೆಲುವಿನ ನೆನಪಿಗೆ. ನಿನ್ನೆ ಅದನ್ನು ಅಡುಗೆಮನೆಯ ಕಟ್ಟೆಯ ಮೇಲೆ ತಂದಿಟ್ಟೆ. ಅರ್ಧ ಚೆಲ್ಲಿ, ಮುಚ್ಚಳ ಬಿಗಿದು ಕುಲುಕಿದೆ. ನಿನ್ನ ಭಾವ ಸ್ಪ್ಯಾನರು ಹಿಡಿದು ಬಾಗಿಲಲ್ಲಿ ನಿಂತಿದ್ದರು. ಬಾಟಲಿ ನೋಡಿದರು, ನನ್ನ ಮುಖ ನೋಡಿದರು, ಹೋಗಿ ನಲ್ಲಿಯ ಮುಂದೆ ಕೂತರು. ಮರಳಿ ಬಂದ ನೀಲಿ ಎಷ್ಟು ಚೆನ್ನಾಗಿತ್ತು ಅಂತೀಯ. ಅಪ್ಪ ಇದ್ದಿದ್ದರೆ ಬೆಳಕಿಗೆ ಹಿಡಿದು ತಲೆದೂಗುತ್ತಿದ್ದರು.

ಈಗ ಕೆಲಸದ ಮಾತು. ಬೀದಿಯ ಇನ್ನೂ ನಾಲ್ಕು ಶೆಡ್ಡಿನವರು ನಿನ್ನ ತೊಟ್ಟಿಗೆ ಒಪ್ಪಿದ್ದಾರೆ. ಮೆಟ್ಟಿಲ ಬಳಿಯ ನೀಲಿ ಹಳೆಯ ಚರಂಡಿಯಲ್ಲಿ ಉಳಿದ ಬಣ್ಣ ಎಂದು ನಿನ್ನ ಕಚೇರಿಯಿಂದ ಯಾರೋ ಹೇಳಿಹೋಗಿದ್ದಾರೆ. ನನ್ನ ವರದಿ ಗೋಡೆಯ ಮೇಲಿದೆ, ಅವರು ನಂಬಿದ್ದಾರೆ. ಇಪ್ಪತ್ತೈದರಂದು ಅವರೂ ಗುಂಡಿ ಮುಚ್ಚುತ್ತಾರೆ. ಇಪ್ಪತ್ತನಾಲ್ಕರ ಬುಧವಾರ ನಾನು ನನ್ನ ವರದಿಯನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಆ ಪತ್ರದ ಪ್ರತಿ ಇದರ ಜೊತೆಗಿದೆ, ಓದು. ಅದಕ್ಕೆ ಮೊದಲು ನೀನೇ ಬಂದು ಮಾವನ ಮುಂದೆ ನಿಂತು ಹೇಳಿದರೆ ಪಕ್ಕದಲ್ಲಿ ನಾನೂ ನಿಲ್ಲುತ್ತೇನೆ. ಅತ್ತೆ ಬೈಯುತ್ತಾರೆ, ಬೈಸಿಕೊಳ್ಳೋಣ. ಪಂಪು ಹಾಕು, ಆರು ಗಂಟೆ ಎಂದು ಬಾಯಿಬಿಟ್ಟು ಹೇಳು. ಆರು ಗಂಟೆಯ ತೊಟ್ಟಿಯೂ ತೊಟ್ಟಿಯೇ ಕಣೇ. ನಾನದನ್ನು ಕಾಯುತ್ತಿದ್ದೆ. ಬೀದಿಯೂ ಕಾಯುತ್ತಿತ್ತು.

ನಿನ್ನ ಮೌಖಿಕ ಪರೀಕ್ಷೆಯ ಹಿಂದಿನ ದಿನ ನಾನು ಪರೀಕ್ಷಕಳಾಗಿ ಕೂತು ಪ್ರಶ್ನೆ ಕೇಳಿದ್ದು ನೆನಪಿದೆಯೇ? ಉತ್ತರ ಬಾರದಿದ್ದಾಗ ‘ಗೊತ್ತಿಲ್ಲ’ ಎನ್ನು, ಅದೂ ಉತ್ತರವೇ ಎಂದಿದ್ದೆ. ಮರುದಿನ ನೀನು ಹಾಗೇ ಹೇಳಿ ಗೆದ್ದು ಬಂದೆ.

ಮೈಕೈ ನೋಡಿಕೊ, ಹೊತ್ತಿಗೆ ಸರಿಯಾಗಿ ತಿನ್ನು. ನಿನಗೆ ಕೆಟ್ಟದ್ದಾಗಲಿ ಎಂದು ಬಯಸಲು ನನ್ನ ಬಾಯಿಗೆ ಬರುವುದಿಲ್ಲ, ಪ್ರಯತ್ನಿಸಿ ನೋಡಿದೆ. ನೂರು ವರ್ಷ ಬಾಳು, ತಲೆಯೆತ್ತಿ ಬಾಳುವ ಹಾಗೆ ಬಾಳು.

ನಿನ್ನ
ಅಕ್ಕ

ತಾ.ಕ.: ಅಜ್ಜ ಹೇಳಿದ ಮಾತು ಬರೆಯದೆ ಲಕೋಟೆ ಅಂಟಿಸಲಾಗಲಿಲ್ಲ. ಬಾಟಲಿಗಳನ್ನು ಪೆಟ್ಟಿಗೆಗೆ ತುಂಬುವಾಗ ಅವರು, ‘ಅಕ್ಕಾವರು ಕಂಡುಹಿಡಿದ್ರೆ ಏನು ಮಾಡ್ತೀರಮ್ಮಾ?’ ಎಂದು ಕೇಳಿದರಂತೆ. ನೀನು ನಕ್ಕು, ‘ಕಣ್ಣಿಗೆ ಬಿದ್ರೂ ಪರವಾಗಿಲ್ಲ ಅಜ್ಜಾ, ಅಕ್ಕ ನನ್ನ ಬಿಟ್ಟುಕೊಡಲ್ಲ’ ಎಂದೆಯಂತೆ.

ನನಗೆ ಏನೂ ಕಾಣಲಿಲ್ಲ ಎಂದು ಮಾವನಿಗೆ, ಅತ್ತೆಗೆ, ನಿನ್ನ ಭಾವನಿಗೆ ಹೇಳಿಕೊಂಡು ತಿರುಗುತ್ತಿದ್ದೇನೆ. ವರದಿಗಾಗಿ ಅಳೆಯಲು ತೆಗೆದ ಮೂರನೆಯ ಬಾಟಲಿಯ ಕುತ್ತಿಗೆಯಲ್ಲಿ ಒಂದು ಗಾಳಿಗುಳ್ಳೆ ಉಳಿದುಬಿಟ್ಟಿತ್ತು ಪುಟ್ಟಿ. ಅದರ ಸುತ್ತ ನೂಲಿನಷ್ಟು ತೆಳುವಾದ ನೀಲಿ ಉಂಗುರವಿತ್ತು. ಅದೇನೆಂದು ನನಗೆ ಆ ಕ್ಷಣವೇ ಗೊತ್ತಾಯಿತು. ಮುಚ್ಚಳ ತೆಗೆದೆ, ಬಟ್ಟೆಯ ತುದಿಯಿಂದ ಒರೆಸಿದೆ, ಅಳೆದೆ, ಸಹಿ ಹಾಕಿದೆ. ಬುಧವಾರದ ಪತ್ರದ ಎರಡನೆಯ ಪುಟದಲ್ಲಿ ಅದನ್ನೂ ಬರೆದಿದ್ದೇನೆ. ಒರೆಸಿದ ಬಟ್ಟೆ ಇನ್ನೂ ನನ್ನ ಮೇಜಿನ ಡ್ರಾಯರಿನಲ್ಲಿದೆ. ಎಷ್ಟು ಸಲ ಒಗೆದರೂ ನೀಲಿ ಹೋಗುತ್ತಿಲ್ಲ.