ನಲವತ್ತೊಂದು ಗೂಟ

ಮಾರ್ಚ್ 3, ಸೋಮವಾರ. ಬೆಳಿಗ್ಗೆ 6

ಮೂವತ್ತೆರಡು ಬೆಡ್‌ಶೀಟ್ ಲಾಡ್ಜಿನಿಂದ ಹೋಗಿತ್ತು, ಮೂವತ್ತೊಂದು ಬಂದಿದೆ. ಲಾಂಡ್ರಿಯವನನ್ನು ಕೇಳಿದರೆ "ಗಾಳಿಗೆ ಹಾರೋಯ್ತು ಅಕ್ಕ" ಅನ್ನುತ್ತಾನೆ. ಈ ಊರಿನ ಗಾಳಿಗೆ ಹೊಸ ಬಟ್ಟೆಯ ಗುರುತು ಚೆನ್ನಾಗಿದೆ. ಹರಿದದ್ದನ್ನು ಇವತ್ತಿನವರೆಗೆ ಮುಟ್ಟಿಲ್ಲ.

ಹತ್ತಕ್ಕೆ ಶಾಲೆಯ ಹಾಲ್‌ನಲ್ಲಿ ಸಭೆ. ಊರು ಬೆಳೆಯಬೇಕು, ಹೇಗೆ ಅನ್ನುವುದನ್ನು ಊರಿನವರೇ ಕೂತು ತೀರ್ಮಾನಿಸಬೇಕು ಎಂದು ಮೇಲಿನಿಂದ ಆದೇಶ. ಬೀಚಿಗೆ ಬರುವ ಜನ ಮೂರು ಪಟ್ಟಾಗಿದ್ದಾರೆ, ರೂಮು ಮತ್ತು ಚರಂಡಿ ಇದ್ದಷ್ಟೇ ಇವೆ. ನನ್ನನ್ನೂ ಕಮಿಟಿಗೆ ಹಾಕಿದ್ದಾರೆ. ಬಾಯಿ ಇದ್ದವರು ಬರಗಾಲದಲ್ಲೂ ಬದುಕಿದರಂತೆ. ನಾನು ಬದುಕಿದ್ದೇ ಹಾಗೆ.

ಮಧ್ಯಾಹ್ನ 2

ಸರ್ವೆ ಸಾಹೇಬರು ಒಳ್ಳೆಯ ಹುಡುಗ, ಶೂ ತುಂಬ ಮರಳು. ಅವರಿಗೆ ಬೇಕಾದದ್ದು ಒಂದೇ ಗೆರೆ. ಸಮುದ್ರ ಅತಿ ಹೆಚ್ಚು ಎಂದರೆ ಎಲ್ಲಿಯವರೆಗೆ ಬಂದಿದೆ? ಅದರ ಹಿಂದೆ ಮಾತ್ರ ಕಟ್ಟಬಹುದು. ಕಚೇರಿಯಲ್ಲಿ ಹದಿನೈದು ವರ್ಷಕ್ಕಿಂತ ಹಳೆಯ ದಾಖಲೆ ಇಲ್ಲವಂತೆ. ಎಲ್ಲರೂ ಮುಖ ಮುಖ ನೋಡಿಕೊಂಡರು. ನನಗೆ ಮೌನ ಕಂಡರೆ ಆಗುವುದಿಲ್ಲ. ಎದ್ದು ನಿಂತೆ.

"ಕಾಗದ ಇಲ್ದಿದ್ರೆ ಏನಾಯ್ತು ಸಾಹೇಬ್ರೆ, ನಾವಿಲ್ವಾ? ಒಂದೊಂದು ಮನೆಯವರೂ ತಮ್ಮ ಜಾಗದ ಮುಂದೆ ಒಂದೊಂದು ಗೂಟ ಹೊಡೀಲಿ. ನೀರು ಎಲ್ಲೀವರೆಗೆ ಬಂದಿದ್ದು ಗೊತ್ತೋ ಅಲ್ಲಿಗೆ. ಎಲ್ಲಾ ಗೂಟ ಸೇರಿಸಿ ದಾರ ಕಟ್ಟಿ. ಅದೇ ನಿಮ್ಮ ಗೆರೆ."

ಚಪ್ಪಾಳೆ. ಸಾಹೇಬರು ಬರೆದುಕೊಂಡರು. ಬೇಕರಿಯವನು "ಛತ್ರಿ ಅಕ್ಕ ಇರೋವಾಗ ಕಂಪ್ಯೂಟರ್ ಯಾಕ್ರೀ" ಎಂದ. ಆರು ಬಾಡಿಗೆ ಛತ್ರಿಯಿಂದ ಶುರು ಮಾಡಿದವಳು ನಾನು, ಈಗ ಇಪ್ಪತ್ತು ರೂಮಿನ ಲಾಡ್ಜ್. ಹೆಸರು ಮಾತ್ರ ಛತ್ರಿಯಲ್ಲೇ ನಿಂತಿದೆ.

ಹಾಲ್‌ನ ಕೊನೆಯ ಬೆಂಚಿನಲ್ಲಿ ದೋಣಿ ಅಣ್ಣ ಕೂತಿದ್ದ. ದೋಣಿ ರಿಪೇರಿಯ ಮುದುಕ. ಅವನೊಬ್ಬ ಚಪ್ಪಾಳೆ ಹೊಡೆಯಲಿಲ್ಲ.

ಮಾರ್ಚ್ 9, ಭಾನುವಾರ

ಗೂಟದ ದಿನ. ಕೆಂಪು ಬಣ್ಣದ ತಲೆ, ಮೊಣಕಾಲೆತ್ತರ, ನಲವತ್ತೊಂದು. ಬೀಚಿನ ಉದ್ದಕ್ಕೂ ಸುತ್ತಿಗೆ ಸದ್ದು. ಮಕ್ಕಳು, ಗಂಡಸರು, ಫೋಟೋ ತೆಗೆಯುವ ಪ್ರವಾಸಿಗಳು. ನನ್ನ ಮಗಳು ಮರಳಿನ ಮೇಲೆ ಹೆಜ್ಜೆ ಹಾಕುತ್ತಾ "ಅಮ್ಮ, ಇಲ್ಲಿಂದ ಹಿಂದಕ್ಕೆ ಹನ್ನೆರಡು ರೂಮ್ ಕೂರತ್ತೆ, ನೋಡು" ಎಂದಳು. ಎಂಟು ವರ್ಷದಿಂದ ಅವಳ ಬಾಯಲ್ಲಿ ಅದೇ ಹನ್ನೆರಡು ರೂಮು. ನಾನು ಕೈಯಲ್ಲಿ ಗೂಟ ಹಿಡಿದು ಸ್ವಲ್ಪ ಹೊತ್ತು ನಿಂತೆ. ಆಮೇಲೆ ಅವಳು ತೋರಿಸಿದಲ್ಲೇ ಹೊಡೆದೆ. ಮೂರೇ ಏಟು. ಮರಳು ಬೇಡ ಅನ್ನುವುದಿಲ್ಲ.

ದೋಣಿ ಅಣ್ಣ ತನ್ನ ಗೂಟವನ್ನು ಶೆಡ್ಡಿನ ಹಿಂದೆ, ರಸ್ತೆಯನ್ನೂ ದಾಟಿ ಬಾವಿಯ ಹತ್ತಿರ ಹೊಡೆದ. ಜನ ಬಿದ್ದು ಬಿದ್ದು ನಕ್ಕರು.

"ತಾತ, ಇನ್ನೂ ಸ್ವಲ್ಪ ಹಿಂದೆ ಹೋದ್ರೆ ಬಸ್‌ಸ್ಟ್ಯಾಂಡು. ಅಲ್ಲೇ ಹೊಡೀಬಹುದಿತ್ತು!" — ಬೇಕರಿಯವನು.

"ಹೊಡೀತಿದ್ದೆ ಕಣಯ್ಯಾ, ಕಾಲು ನೋವು" ಎಂದ ಅಣ್ಣ. ನಗಲಿಲ್ಲ. ನನ್ನ ಕಡೆ ನೋಡಿದ. ನಾನು ಲಾಡ್ಜಿನಲ್ಲಿ ಕೆಲಸವಿದೆ ಎಂದು ಹೊರಟುಬಂದೆ.

ಕೆಲಸವೇನೂ ಇರಲಿಲ್ಲ.

ಮಾರ್ಚ್ 10, ಸೋಮವಾರ

ಇಲ್ಲಿ ಬರೆದರೆ ಯಾರು ನೋಡುತ್ತಾರೆ. ಬರೆದುಬಿಡುತ್ತೇನೆ.

ನನಗೆ ಆಗ ಹತ್ತೊಂಬತ್ತು. ಇದೇ ಲಾಡ್ಜಿನಲ್ಲಿ ಕಸ ಗುಡಿಸುವ ಕೆಲಸ. ಊರೆಂದರೆ ಒಂಬತ್ತು ಮನೆ. ಬೆಳಿಗ್ಗೆ ಎಂಟು ಗಂಟೆ, ಬಿಸಿಲಿತ್ತು, ಮಳೆ ಗಾಳಿ ಏನೂ ಇರಲಿಲ್ಲ. ಸಮುದ್ರ ನಡೆದುಕೊಂಡು ಬಂತು. ಓಡಿ ಬರಲಿಲ್ಲ, ನಡೆದು ಬಂತು. ಮೂರು ಮೆಟ್ಟಿಲು ಹತ್ತಿ ಸ್ಟೋರ್ ರೂಮಿಗೆ ನುಗ್ಗಿತು. ಹಾಸಿಗೆ ತೇಲಿದವು. ನಾನು ಕಪಾಟಿನ ಮೇಲೆ ಕೂತಿದ್ದೆ. ದೋಣಿ ಅಣ್ಣನ ತಮ್ಮ ದೋಣಿಯ ಹಗ್ಗ ಬಿಚ್ಚಲು ಹೋದ. ಹಗ್ಗವೂ ಸಿಗಲಿಲ್ಲ, ಅವನೂ ಸಿಗಲಿಲ್ಲ.

ನೀರು ಇಳಿದ ಮೇಲೆ ಯಜಮಾನಿ ಗೋಡೆಯ ಒದ್ದೆ ಗುರುತಿಗೆ ನನ್ನ ಕೈಯಲ್ಲೇ ಒಂದು ಮೊಳೆ ಹೊಡೆಸಿದಳು. "ಮುಂದೆ ಹೇಳಿದ್ರೆ ಯಾರೂ ನಂಬಲ್ಲ ಕಣೇ, ಮೊಳೆ ಇರ್ಲಿ" ಎಂದಳು. ಆರೇ ತಿಂಗಳಲ್ಲಿ ಏಳು ಮನೆಯವರು ಊರು ಬಿಟ್ಟರು. ಯಜಮಾನಿ ಇದ್ದಳು, ಸತ್ತಳು. ಉಳಿದವರು ಅಣ್ಣ ಮತ್ತು ನಾನು.

ಲಾಡ್ಜ್ ಕೊಂಡುಕೊಂಡ ವಾರ ನಾನು ಮಾಡಿದ ಮೊದಲ ಕೆಲಸ, ಆ ಮೊಳೆಯ ಮುಂದೆ ಬೆಡ್‌ಶೀಟಿನ ಬೀರು ನಿಲ್ಲಿಸಿದ್ದು. ಗಿರಾಕಿಗೆ ಸಮುದ್ರ ಮಾರಬಹುದು. ಸಮುದ್ರದ ಭಯ ಮಾರುವ ಹಾಗಿಲ್ಲ.

ನನ್ನ ಗೂಟ ನಿಜವಾಗಿ ಇರಬೇಕಾದ ಜಾಗಕ್ಕಿಂತ ಎಂಬತ್ತು ಹೆಜ್ಜೆ ಕೆಳಗಿದೆ. ಇವತ್ತು ಎಣಿಸಿ ಬಂದೆ.

ಇರಲಿ. ಇನ್ನೂ ನಲವತ್ತು ಗೂಟ ಇವೆಯಲ್ಲ. ಒಂದು ಸುಳ್ಳಾದರೆ ನಲವತ್ತು ಸರಿ ಮಾಡುತ್ತವೆ. ಲೆಕ್ಕ ಹಾಗೇ ತಾನೇ ನಡೆಯುವುದು.

ಮಾರ್ಚ್ 11, ಮಂಗಳವಾರ

ಬೇಕರಿಗೆ ಬ್ರೆಡ್ ಹೇಳಲು ಹೋಗಿದ್ದೆ. ಸುಮ್ಮನೆ ಬಾಯಿಬಿಟ್ಟು ಕೇಳಿದೆ.

"ನಿನ್ನ ಗೂಟ ಯಾವ ನೆನಪಿನ ಮೇಲೆ ಹೊಡೆದೆ ಮಾರಾಯ?"

"ಯಾವ ನೆನಪು ಅಕ್ಕ? ನಾನು ಬಂದೇ ಹನ್ನೊಂದು ವರ್ಷ. ನೀವು ಎಲ್ಲಿ ಹೊಡೀತೀರಿ ಅಂತ ನೋಡ್ಕೊಂಡೆ, ಅದಕ್ಕೆ ನೇರ ಹಿಡಿದು ಹೊಡೆದೆ. ಸುತ್ತಿಗೆ ಕೈಯಲ್ಲಿ ಇಟ್ಕೊಂಡು ಅರ್ಧ ಗಂಟೆ ಕಾದಿದೀನಿ ನಿಮಗೋಸ್ಕರ."

"ನಿನ್ನ ಪಕ್ಕದವನು?"

"ಅವನು ನಂದು ನೋಡಿ ಹೊಡೆದ. ಅವನದು ನೋಡಿ ಐಸ್‌ಕ್ರೀಮಿನವಳು. ಅದಕ್ಕೇ ನೋಡಿ, ಗೆರೆ ಎಷ್ಟು ಚೆನ್ನಾಗಿ ಬಂದಿದೆ! ಸಾಹೇಬ್ರು ಹೊಗಳಿದ್ರು."

ಬ್ರೆಡ್ ಎಷ್ಟು ಹೇಳಿದೆನೋ ನೆನಪಿಲ್ಲ. ದಾರಿಯುದ್ದಕ್ಕೂ ಗೂಟ ನೋಡಿಕೊಂಡು ಬಂದೆ. ಬಾಚಣಿಗೆಯ ಹಲ್ಲಿನ ಹಾಗೆ ನೇರ. ನಿಜವಾದ ನೆನಪು ಇಷ್ಟು ನೇರ ಇರುತ್ತದೆಯೇ? ಒಬ್ಬನ ನೆನಪು ಆ ಕಡೆ, ಒಬ್ಬಳದು ಈ ಕಡೆ ಇರಬೇಕಿತ್ತು.

ನಲವತ್ತು ಗೂಟ ಇಲ್ಲ. ಇರುವುದು ಒಂದೇ ಗೂಟ. ನನ್ನದು. ಇನ್ನೊಂದು ಅಣ್ಣನದು, ಬಾವಿಯ ಹತ್ತಿರ.

ಸರ್ವೆ ಸಾಹೇಬರಿಗೆ ಫೋನ್ ಮಾಡಿದೆ. ಆ ತಾತನ ಗೂಟ ಏನು ಮಾಡಿದಿರಿ? "ಅದು ಬೇರೆಯವಕ್ಕೆ ಹೊಂದಲ್ಲ ಅಕ್ಕ, ಲೆಕ್ಕದಿಂದ ಬಿಟ್ಟಿದೀನಿ. ನಲವತ್ತು ಜನ ಒಂದೇ ಮಾತು ಹೇಳೋವಾಗ..."

ಹೇಳಬಹುದಿತ್ತು. ಬಾಯಿ ತೆರೆದೆ. "ಸರಿ ಸಾಹೇಬ್ರೆ" ಅನ್ನುವುದು ಹೊರಗೆ ಬಂತು.

ಏಪ್ರಿಲ್ 2, ಬುಧವಾರ

ಮೂರು ವಾರ ಬರೆದಿಲ್ಲ. ಪುಸ್ತಕ ತೆಗೆದರೆ ಮಾರ್ಚ್ 10 ಕಾಣುತ್ತದೆ. ಅದಕ್ಕೆ.

ಕರಡು ನಕ್ಷೆ ಶಾಲೆಯ ಗೋಡೆಗೆ ಅಂಟಿಸಿದ್ದಾರೆ. ಮಗಳು ಕೈ ಹಿಡಿದು ಎಳೆದುಕೊಂಡು ಹೋದಳು. ಹಳದಿ ರೂಮು, ಹಸಿರು ಪಾರ್ಕು, ನೀಲಿ ಚರಂಡಿ. ಅವಳ ಹನ್ನೆರಡು ರೂಮು ಅಲ್ಲೇ ಇದೆ. ಅದರ ಮುಂದೆ, ಗೂಟದಿಂದ ಹತ್ತೇ ಅಡಿ ಹಿಂದೆ, ಗುಲಾಬಿ ಬಣ್ಣದ ಒಂದು ಚೌಕ.

"ಇದೇನಿದು?"

"ಮಕ್ಕಳ ಮನೆ ಅಮ್ಮ! ಲಾಡ್ಜು ಹೋಟೆಲಲ್ಲಿ ಕೆಲಸ ಮಾಡೋರ ಮಕ್ಕಳಿಗೆಲ್ಲ. ನಿನಗೆ ಹೇಳ್ಬಾರ್ದು, ಸರ್ಪ್ರೈಸ್ ಅಂತ ಕಮಿಟಿಯ ಉಳಿದೋರು ಹೇಳಿದ್ರು. ನಿನ್ನ ಹೆಸರೇ ಇಡ್ತಾರಂತೆ. ಅರವತ್ತು ಮಕ್ಕಳು. ನಮ್ಮ ಪುಟ್ಟಿನೂ ಅಲ್ಲೇ."

ಪುಟ್ಟಿ ನನ್ನ ಮೊಮ್ಮಗಳು. ನಾಲ್ಕು ವರ್ಷ. ಬೆಳಿಗ್ಗೆ ಎಂಟಕ್ಕೆ ಬಿಟ್ಟು ಸಂಜೆ ಐದಕ್ಕೆ ಕರೆದುಕೊಂಡು ಬರುವುದಂತೆ.

ಬೆಳಿಗ್ಗೆ ಎಂಟು.

ಮನೆಗೆ ಬಂದು ಬಚ್ಚಲಲ್ಲಿ ನಲ್ಲಿ ಬಿಟ್ಟು ಕೂತೆ. ನೀರಿನ ಸದ್ದಿಗೆ ಸಮುದ್ರದ ಸದ್ದು ಕೇಳದಿರಲಿ ಎಂದು. ನೀರಿಗೆ ಹೆದರಿ ನೀರು ಬಿಟ್ಟುಕೊಂಡು ಕೂರುವವಳು ನಾನೊಬ್ಬಳೇ ಇರಬೇಕು.

ಏಪ್ರಿಲ್ 5, ಶನಿವಾರ

ದೋಣಿ ಅಣ್ಣನ ಶೆಡ್ಡಿಗೆ ಹೋದೆ. ದೋಣಿಯ ಹೊಟ್ಟೆಗೆ ಟಾರು ಬಳಿಯುತ್ತಿದ್ದ. ಕೂರು ಅನ್ನಲಿಲ್ಲ. ಕೂತೆ.

"ಅಣ್ಣ, ಸಭೇಲಿ ನೀನೇ ಎದ್ದು ಹೇಳ್ಬಿಡು. ಆ ವರ್ಷ ಏನಾಯ್ತು ಅಂತ. ನಾನು ಹೂಂ ಅಂತೀನಿ."

"ನಲವತ್ನಾಲ್ಕು ವರ್ಷದಿಂದ ಹೇಳ್ತಾನೇ ಇದೀನಲ್ಲ. ನಾನು ಹೇಳಿದ್ರೆ ಮುದುಕನ ಹಳಹಳಿಕೆ. ನೀನು ಹೇಳಿದ್ರೆ ಮಾತು. ಅಷ್ಟು ವ್ಯತ್ಯಾಸ ನಿನಗೆ ಗೊತ್ತಿಲ್ವೇನೇ, ಮಾತಲ್ಲೇ ಲಾಡ್ಜ್ ಕಟ್ಟಿದೋಳು?"

"ನನ್ನ ಮಗಳು ಎಂಟು ವರ್ಷದಿಂದ ಕಾದಿದಾಳೆ ಅಣ್ಣ."

"ನಮ್ಮಮ್ಮನೂ ಕಾದಳು. ಸಾಯೋತನಕ. ಬಾಗಿಲಲ್ಲಿ ಕೂತು."

ಬ್ರಷ್ಷು ಅದ್ದಿದ. ಟಾರಿನ ಡಬ್ಬಿ ಅವನ ಹತ್ತಿರಕ್ಕೆ ಸರಿಸಿ ಎದ್ದು ಬಂದೆ.

ಏಪ್ರಿಲ್ 14, ಸೋಮವಾರ

ರೇಡಿಯೋದಲ್ಲಿ ದೊಡ್ಡ ಅಲೆಗಳ ಎಚ್ಚರಿಕೆ, ಒಂದು ವಾರ. ಪ್ರವಾಸಿಗಳಿಗೆ ಖುಷಿ. ಅಲೆ ಹಿಂದೆ ಇರಿಸಿಕೊಂಡು ಫೋಟೋ.

ದಿನಕ್ಕೆ ನಾಲ್ಕು ಸಲ ಬಾಲ್ಕನಿಗೆ ಹೋಗಿ ಗೂಟ ಎಣಿಸುತ್ತೇನೆ. ಇವತ್ತು ಹನ್ನೊಂದು ಗಂಟೆಗೆ ನನ್ನ ಗೂಟದ ಬುಡ ಒದ್ದೆ.

ಏಪ್ರಿಲ್ 17, ಗುರುವಾರ

ಬುಡ ಅಲ್ಲ, ಅರ್ಧ.

"ನೋಡಿದ್ರಾ ಅಕ್ಕ" ಎಂದು ಬೇಕರಿಯವನು ಓಡಿ ಬಂದ. ಅಂತೂ ಇವನಿಗೆ ಅರ್ಥವಾಯಿತು ಎಂದುಕೊಂಡೆ. "ಕರೆಕ್ಟಾಗಿ ಗೂಟದ ಹತ್ರ ಬಂದು ನಿಂತ್ಕೊಂಡಿದೆ! ನಿಮ್ಮ ನೆನಪು ಅಂದ್ರೆ ನೆನಪು!"

ಭಯವಾಗುತ್ತಿತ್ತು. ನಗು ಬಂತು. ಎರಡೂ ಒಟ್ಟಿಗೆ ಬಂದರೆ ಹೇಗಿರುತ್ತದೆ ಎಂದು ಈಗ ಗೊತ್ತಾಯಿತು.

ಏಪ್ರಿಲ್ 19, ಶನಿವಾರ. ಸಂಜೆ 4

ನಾಳೆ ನಕ್ಷೆಗೆ ಕೈ ಎತ್ತುವ ಸಭೆ. ಕೈ ಎತ್ತಿದರೆ ಸೋಮವಾರ ಮಕ್ಕಳ ಮನೆಗೆ ಪಾಯ ತೋಡುತ್ತಾರೆ.

ಮೂರು ಗಂಟೆಗೆ ಲಾಂಡ್ರಿಯವನನ್ನು ಕರೆದು ಸ್ಟೋರ್ ರೂಮಿನ ಬೀರು ಸರಿಸಿದೆ. ಹಿಂದೆ ಜೇಡರ ಬಲೆ, ಒಂದು ಹಳೆಯ ದಿಂಬಿನ ಚೀಲ, ಮತ್ತೆ ಮೊಳೆ. ತುಕ್ಕು ಹಿಡಿದು ದಪ್ಪಗಾಗಿದೆ. ನನ್ನ ಸೊಂಟದ ಎತ್ತರ. ಇಲ್ಲದೇ ಹೋಗಿರಲಿ ಎಂದು ಒಳಗೊಳಗೇ ಬೇಡಿಕೊಂಡಿದ್ದೆ.

ಮಗಳು ಬಾಗಿಲಲ್ಲಿ. ಹಿಂದೆಯೇ ಪುಟ್ಟಿ.

"ಏನಮ್ಮ ಇದು ಮೊಳೆ?"

"ಕ್ಯಾಲೆಂಡರ್ ಹಾಕೋಕೆ."

"ಸೊಂಟದ ಹತ್ರ ಕ್ಯಾಲೆಂಡರಾ? ಯಾರು ನೋಡೋದು, ಬೆಕ್ಕಾ?"

ಪುಟ್ಟಿ ಓಡಿ ಹೋಗಿ ಗೋಡೆಗೆ ಬೆನ್ನು ಕೊಟ್ಟು ನಿಂತಳು. ಅವಳಿಗೆ ಎಲ್ಲ ಗೋಡೆಯೂ ಎತ್ತರ ಅಳೆಯುವುದಕ್ಕೇ ಇರುವುದು. "ಅಜ್ಜೀ, ನಾನು ಎಷ್ಟು ಉದ್ದ ನೋಡು! ಮೊಳೆ ನನ್ನ ಕುತ್ತಿಗೆಗೆ ಬಂತು!" ಗದ್ದ ಮೇಲೆತ್ತಿ ನಗುತ್ತಿದ್ದಳು.

ಕುತ್ತಿಗೆ ಇಲ್ಲಿ. ಈ ರೂಮು ಮರಳಿಗಿಂತ ಮೂರು ಮೆಟ್ಟಿಲು ಮೇಲೆ. ಗುಲಾಬಿ ಚೌಕ ಮೆಟ್ಟಿಲಿನಿಂದಲೂ ಕೆಳಗೆ, ಎಷ್ಟೋ ಕೆಳಗೆ. ಲೆಕ್ಕ ನನ್ನ ತಲೆಯಲ್ಲಿ ತಾನಾಗಿಯೇ ಆಗಿಹೋಯಿತು. ಬೇಡ ಅಂದರೂ.

ಅವಳನ್ನು ಎತ್ತಿಕೊಂಡೆ. ಜೋರಾಗಿ ಹಿಡಿದಿರಬೇಕು, "ನೋಯ್ತಿದೆ ಅಜ್ಜಿ" ಎಂದಳು.

ಮಗಳು ನಗುತ್ತಿಲ್ಲ. "ಅಮ್ಮ. ಏನದು ಮೊಳೆ?"

ನಾಳೆ ಹೇಳುತ್ತೇನೆ ಎಂದೆ. ಎಲ್ಲರ ಮುಂದೆ ಒಂದೇ ಸಲ. ಎರಡು ಸಲ ಹೇಳುವ ಶಕ್ತಿ ನನಗಿಲ್ಲ.

ಏಪ್ರಿಲ್ 20, ಭಾನುವಾರ. ಬೆಳಿಗ್ಗೆ 9.40

ಸಭೆ ಶಾಲೆಯಲ್ಲಿ ಬೇಡ, ನಮ್ಮ ಲಾಡ್ಜಿಗೇ ಬನ್ನಿ ಎಂದು ಹೇಳಿಕಳಿಸಿದೆ. ಛತ್ರಿ ಅಕ್ಕ ಟೀ ಕೊಡಿಸುತ್ತಾಳೆ ಎಂದುಕೊಂಡು ಎಲ್ಲರೂ ಒಪ್ಪಿದರು. ಸ್ಟೋರ್ ರೂಮಿನಲ್ಲಿ ಹಿಡಿದಷ್ಟು ಕುರ್ಚಿ, ಉಳಿದವರು ಮೆಟ್ಟಿಲ ಮೇಲೆ. ಮೊಳೆಗೆ ಕೆಂಪು ಬಣ್ಣ ಹಚ್ಚಿದ್ದೇನೆ. ಗೂಟಕ್ಕೆ ಹಚ್ಚಿ ಉಳಿದದ್ದೇ.

ಇವತ್ತಾದ ಮೇಲೆ ಇವರಲ್ಲಿ ಎಷ್ಟು ಜನ ನನ್ನನ್ನು ಅಕ್ಕ ಅನ್ನುತ್ತಾರೆ? ನಲವತ್ತರಲ್ಲಿ ನಾಲ್ಕು. ಮಗಳು ಆ ನಾಲ್ಕರಲ್ಲಿ ಇರುತ್ತಾಳೋ ಇಲ್ಲವೋ. ನಿನ್ನೆಯಿಂದ ಅವಳು ನನ್ನ ಜೊತೆ ಮಾತಾಡಿಲ್ಲ. ಆದರೂ ಬೆಳಿಗ್ಗೆ ಬಂದು ಕುರ್ಚಿ ಹಾಕಿದಳು.

ಅಣ್ಣ ಎಲ್ಲರಿಗಿಂತ ಮೊದಲು ಬಂದ. ಬಾವಿಯ ಹತ್ತಿರದ ತನ್ನ ಗೂಟವನ್ನು ಕಿತ್ತು ಕಂಕುಳಲ್ಲಿ ಇಟ್ಟುಕೊಂಡು ಬಂದಿದ್ದಾನೆ. ಮೊದಲ ಸಾಲಿನಲ್ಲಿ ಕೂತ. ಮೊಳೆ ನೋಡಿದ. ತಲೆ ಬಗ್ಗಿಸಿದ.

ನಲವತ್ತು ವರ್ಷ ಮಾತಾಡಿ ಬದುಕಿದವಳಿಗೆ ಇವತ್ತು ತನ್ನ ಬಾಯಿಯ ಮೇಲೇ ನಂಬಿಕೆ ಇಲ್ಲ. ಅದಕ್ಕೇ ಮೊದಲ ಮಾತನ್ನು ಇಲ್ಲಿ ಬರೆದಿಟ್ಟುಕೊಂಡು ನೋಡಿ ಓದುತ್ತೇನೆ.

ಬೇಕರಿಯವನ ನಗು ಮೆಟ್ಟಿಲ ಹತ್ತಿರ ಕೇಳಿಸುತ್ತಿದೆ. ಸಾಹೇಬರ ಶೂ. ಮಗಳು ಪುಟ್ಟಿಯನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತಳು, ನನ್ನನ್ನೇ ನೋಡುತ್ತಿದ್ದಾಳೆ. ಬರೆಯುತ್ತೇನೆ—

ಕೈ ಎತ್ತುವ ಮುಂಚೆ ಒಂದು ಮಾತು ಕೇಳಿ. ನೀವೆಲ್ಲ ನನ್ನ ಗೂಟ ನೋಡಿ ನಿಮ್ಮ ಗೂಟ ಹೊಡೆದಿರಿ. ಆ ಗೂಟ ನಾನು ಗೊತ್ತಿದ್ದೂ ಎಂಬತ್ತು ಹೆಜ್ಜೆ ಕೆಳಗೆ—