ಪೈಪಿಗೆ ಸುತ್ತಿದ್ದ ತಗಡು

ದಿವಂಗತ ಗದ್ದೆಪ್ಪನವರ ಸನ್ನಿಧಾನಕ್ಕೆ, ತಮ್ಮ ಏಕೈಕ ಕಿಡಿಗೇಡಿ ಪುತ್ರ ಹಾಲೇಶನ ವರದಿ.

ತಮ್ಮ ಹಳೇ ಅಂಬಾಸಿಡರ್ ಮತ್ತೆ ಓಡುತ್ತಿದೆ. ಸೈಲೆನ್ಸರ್ ಪೈಪಿಗೆ ತಾವು ಸುತ್ತಿಸಿದ್ದ ತಗಡು ಗಡಗಡ ಸದ್ದು ಮಾಡುತ್ತಿತ್ತು. "ಬಿಸಿ ತಡೀತದರಿ, ಇರಲಿ ಬಿಡ್ರಿ" ಎಂದ ರಾಯಚೂರಿನ ಮೇಸ್ತ್ರಿ. ನಾನೇ ಬಿಚ್ಚಿಸಿದೆ.

ನಿನ್ನೆ ಅವ್ವನನ್ನು ಕೂರಿಸಿಕೊಂಡು ಮಾನ್ವಿಗೆ ಹೊರಟೆ. ಕಲ್ಲೂರಿನ ಬಳಿ, ಗಾಡಿಗಳು ತುಳಿದು ಕಾಳು ಬಿಡಿಸಲೆಂದು, ರಸ್ತೆಯ ಮೇಲೆ ತೊಗರಿ ಹಾಸಿದ್ದರು. ಅದರ ಮೇಲೆ ಓಡಿಸಿದೆ. ಒಣಕಡ್ಡಿ ಕಾದ ಪೈಪಿಗೆ ಸಿಕ್ಕಿಕೊಂಡಿತು. ಕಾಲ ಕೆಳಗಿಂದ ಹೊಗೆ ಬಂತು.

"ಯವ್ವಾ, ಬೆಂಕಿ. ಇಳಿ."

"ಸುಮ್ಮನ ಹೊಡಿಯಲೇ. ಜಾಲಹಳ್ಳ್ಯಾಗ ಹಿಂಗ ಬೆಂಕಿ ಅಂತ ಸುಳ್ಳ ಒದರಿ ನಿಮ್ಮಪ್ಪನ್ನ ಓಡಿಸಿದ್ದಿ. ನಾ ಇಳ್ಯಂಗಿಲ್ಲ," ಎಂದು ಅವ್ವ ಎಲೆಗೆ ಸುಣ್ಣ ಹಚ್ಚುತ್ತ ಕೂತಳು.

ಎಳೆದು ಇಳಿಸುವಷ್ಟರಲ್ಲಿ ಅವಳ ಸೆರಗಿನ ಅಂಚು ಕಮರಿತ್ತು. ಹೊಲದವರು ಕೊಡಗಟ್ಟಲೆ ನೀರು ಸುರಿದು ಆರಿಸಿದರು. ಅವ್ವ ಕ್ಷೇಮ.

ಯಪ್ಪಾ, ಅಂದು ಜಾಲಹಳ್ಳಿಯಲ್ಲಿ ನೀನು ನನ್ನನ್ನು ಬಯ್ಯಲಿಲ್ಲ. ಬೀಡಿ ಹಚ್ಚಲು ನೀನು ನಾಲ್ಕು ಕಡ್ಡಿ ಗೀರಿದೆ, ಒಂದೂ ಹತ್ತಲಿಲ್ಲ. ಕಡ್ಡಿಪೆಟ್ಟಿಗೆ ತೋಯ್ದಿದೆ ಎಂದು ನಾನು ನಕ್ಕಿದ್ದೆ.

ಇವತ್ತು ಬೆಳಿಗ್ಗೆ ತಗಡು ಮತ್ತೆ ಹಾಕಿಸಿದೆ. ಅಕ್ಷರ ಸೊಟ್ಟಗಿವೆ. ಪೆನ್ನಿನ ತಪ್ಪಲ್ಲ; ಅಂದು ಕಡ್ಡಿಪೆಟ್ಟಿಗೆಯ ತಪ್ಪೂ ಆಗಿರಲಿಲ್ಲ.